ಒಂದೇ ಕುರ್ಚಿ, ಮೂರು ಕಂಪನಿ

ಕಳೆದ ಶ್ರಾವಣದಲ್ಲಿ ಧಾರವಾಡದ ಆಪ್ತರೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ಮನೆಯ ಯಜಮಾನರು 1975ರಲ್ಲಿ ಸರಕಾರಿ ಇಲಾಖೆಯೊಂದರಲ್ಲಿ ಗುಮಾಸ್ತರಾಗಿ ಸೇರಿ, 36 ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರು. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ; ಆರು ವರ್ಷಗಳಲ್ಲಿ ಅವನಿಗಿದು ಮೂರನೆಯ ಕಂಪನಿ. ಊಟಕ್ಕೆ ಕುಳಿತಲ್ಲಿಯೇ ಮಾತು ಬಿಸಿಯಾಯಿತು.

“ಮನಸ್ಸಿಟ್ಟು ದುಡಿಯೋ ಮನಷ್ಯಾ ಅಂಗಿ ಬದಲಿಸಿದಂಗ ಕೆಲಸಾ ಬದಲಸ್ತಾನೇನು?” ಎಂದರು ತಂದೆ.

ಮಗ ತಲೆ ಎತ್ತಲಿಲ್ಲ. “ಅಪ್ಪಾ, ನಿಮ್ಮನ್ನ ಸರಕಾರ ಬಿಡಂಗಿರಲಿಲ್ಲ. ನಮಗ ನಾಳೆ ಮುಂಜಾನೆ ಒಂದು ಈಮೇಲ್ ಬಂದ್ರ ಮುಗೀತು.”

ನಾವು ತಂದೆಯ ವಯಸ್ಸಿನವರು, ಸಹಜವಾಗಿಯೇ ತಂದೆಯ ಪಕ್ಷ. ಇಂದಿನವರಿಗೆ ನಿಷ್ಠೆಯಿಲ್ಲವೆಂಬ ಮಾತನ್ನು ನಾವೂ ಅನೇಕ ಸಲ ಆಡಿದ್ದೇವೆ. ಆದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹನ್ನೊಂದರವರೆಗೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದವರೂ ನಮ್ಮ ಕಾಲದವರೇ. (ನಾವು ಆ ಪೈಕಿ ಅಲ್ಲವೆಂದು ಹೇಳಿದರೆ ಹಳೆಯ ಸಹೋದ್ಯೋಗಿಗಳು ನಕ್ಕಾರು.) ಒಂದೇ ಕುರ್ಚಿಯಲ್ಲಿ ಕುಳಿತಿರುವುದೇ ದುಡಿಮೆಯಲ್ಲ.

ನಮ್ಮ ನಿಷ್ಠೆಗೆ ಬೆನ್ನ ಹಿಂದೆ ಒಂದು ಗೋಡೆಯೂ ಇತ್ತು. ಕೇಂದ್ರದಲ್ಲಿ 2004ರ ಜನವರಿ 1ರಿಂದ, ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲವಾಯಿತು. ಸರಕಾರಿ ಕಾರ್ಖಾನೆಗಳ ಕತೆಯೂ ಹಾಗೆಯೇ. 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿದ ಎಚ್‌ಎಂಟಿಯಲ್ಲಿ ನೌಕರಿ ಎಂದರೆ ಕನ್ಯೆ ಕೊಡುವವರು ಬೇರೇನೂ ಕೇಳುತ್ತಿರಲಿಲ್ಲ. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನೇ ಮುಚ್ಚಲು ಕೇಂದ್ರ ಸಚಿವ ಸಂಪುಟ ನಿರ್ಧರಿಸಿತು. ಇಂಥದನ್ನು ಮನೆಯಲ್ಲಿಯೇ ಕಂಡು ಬೆಳೆದ ಮಕ್ಕಳಿಗೆ ಸಂಸ್ಥೆಯನ್ನು ನಂಬಿರೆಂದು ಯಾವ ಮುಖದಿಂದ ಹೇಳೋಣ?

ಇನ್ನು ದುಡಿಮೆಯ ಹೊತ್ತು. 1948ರ ಕಾರ್ಖಾನೆಗಳ ಕಾಯಿದೆ ವಾರಕ್ಕೆ 48 ಗಂಟೆ ಎಂದು ಗೆರೆ ಎಳೆದಿತ್ತು. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕ ನಾರಾಯಣಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಅದನ್ನು ಮೆಚ್ಚಿದ ಹಿರಿಯರು ಕೂಡಲೇ ಕಾಯಕದ ಮಾತನ್ನು ಎತ್ತುತ್ತಾರೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದವಳು ಲಕ್ಕಮ್ಮ. ಆಕೆಯನ್ನು ಮಾತ್ರ ಇವರು ಮರೆಯುತ್ತಾರೆ. ಸಂಬಳದ ಏರಿಕೆಯೊಂದನ್ನೇ ನೋಡಿ ಜಿಗಿಯುವ ತರುಣರಿಗೂ ಲಕ್ಕಮ್ಮನ ಪ್ರಶ್ನೆ ತಪ್ಪಿದ್ದಲ್ಲವೆನ್ನಿ.

ಅಂದು ರಾತ್ರಿ ಅಲ್ಲಿಯೇ ತಂಗಿದೆವು. ಹನ್ನೊಂದಾದರೂ ಹುಡುಗನ ಕೋಣೆಯಲ್ಲಿ ದೀಪ ಆರಿರಲಿಲ್ಲ. ಅಮೆರಿಕದವರಿಗೆ ಆಗ ಹಗಲು. ಯಜಮಾನರು ಎರಡು ಸಲ ಎದ್ದುಹೋಗಿ ಬಾಗಿಲ ಸಂದಿಯಲ್ಲಿ ಇಣುಕಿ ಬಂದರು. ಮರುದಿನ ಚಹಾ ಕುಡಿಯುವಾಗ ಮಗನನ್ನು ಮೆಲ್ಲಗೆ ಕೇಳಿದರು: “ಎಲ್ಯೂ ಐದು ವರ್ಷ ತುಂಬಿಲ್ಲಲ್ಲೋ? ಗ್ರಾಚ್ಯುಯಿಟಿ ಸಿಗಂಗಿಲ್ಲ ನಿನಗ.”

ಅದು ಅವನಿಗೆ ಗೊತ್ತಿತ್ತು. ಯಜಮಾನರು ಒಳಗಿನಿಂದ ಕಾಗದ, ಪೆನ್ನು ತಂದು, ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಮಗ ಕಳೆದುಕೊಂಡದ್ದೆಷ್ಟೆಂದು ಲೆಕ್ಕ ಹಾಕುತ್ತ ಕುಳಿತರು.