‘ವಿಲನ್’ ಎಂಬ ರೈತ

ಚಲನಚಿತ್ರವನ್ನು ನೋಡಿ ಬಂದವರನ್ನು ‘ವಿಲನ್ ಯಾರು?’ ಎಂದು ಕೇಳುವುದುಂಟು. ‘ಖಳನಾಯಕ’ ಎಂಬ ಗಂಭೀರವಾದ ಮಾತು ನಮ್ಮಲ್ಲಿದ್ದರೂ, ವಜ್ರಮುನಿಯವರಂತಹ ನಟರ ಹೆಸರಿನೊಡನೆ ಜನರ ನಾಲಗೆಯ ಮೇಲೆ ನಿಂತದ್ದು ಈ ಇಂಗ್ಲಿಷ್ ಪದವೇ. ಆದರೆ ಹುಟ್ಟಿದಾಗ ಇದರಲ್ಲಿ ದುಷ್ಟತನದ ಸುಳಿವೂ ಇರಲಿಲ್ಲ. ಹೊಲದಲ್ಲಿ ದುಡಿಯುವವನಿಗೆ ಇದ್ದ ಹೆಸರು ಅದು.

ಲ್ಯಾಟಿನ್ ಭಾಷೆಯಲ್ಲಿ ‘ವಿಲ್ಲಾ’ ಎಂದರೆ ಹೊಲ ತೋಟಗಳಿಂದ ಕೂಡಿದ ಹಳ್ಳಿಯ ಮನೆ. ಅದಕ್ಕೆ ಸೇರಿದ ಆಳು ‘ವಿಲ್ಲಾನುಸ್’. ಈ ಪದವು ಫ್ರೆಂಚಿಗೆ ಇಳಿದು, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಅವರೊಡನೆ ಆ ದೇಶವನ್ನು ಹೊಕ್ಕಿತು. ವಿಲಿಯಂ ದೊರೆಯು 1086ರಲ್ಲಿ ಮಾಡಿಸಿದ ಭೂಸಮೀಕ್ಷೆಯ ‘ಡೂಮ್ಸ್‌ಡೇ’ ಗ್ರಂಥದಲ್ಲಿ ದಾಖಲಾದ ಜನರ ಪೈಕಿ ಅತ್ಯಧಿಕ ಸಂಖ್ಯೆಯವರು ಇವರೇ. ಮುಂದೆ ಇವರ ಬಾಳು ಇನ್ನಷ್ಟು ಬಿಗಿಯಾಯಿತು. ಒಡೆಯನ ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಗೊತ್ತಾದ ದಿನಗಳಲ್ಲಿ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಮಗಳ ಮದುವೆಗೂ ಅವನಿಗೆ ಹಣ ತೆರಬೇಕಿತ್ತು.

ಇಂಥವನ ಹೆಸರು ಬೈಗುಳವಾದದ್ದು ಹೇಗೆ? ಓದುಬರಹವು ಬಹುಮಟ್ಟಿಗೆ ಅರಮನೆ ಹಾಗೂ ಕ್ರೈಸ್ತ ಮಠಗಳ ಸೊತ್ತಾಗಿದ್ದ ಕಾಲವದು. ಬರೆಯಬಲ್ಲವರ ಕಣ್ಣಿಗೆ ರೈತನು ಒರಟನಾಗಿ ಕಂಡನು, ಒರಟನು ನೀಚನೆನಿಸಿದನು, ನೀಚನು ದುಷ್ಟನೇ ಆಗಿಬಿಟ್ಟನು. ಅದನ್ನು ಅಲ್ಲಗಳೆದು ಒಂದು ಸಾಲು ಬರೆಯೋಣವೆಂದರೆ ಅವನಿಗೆ ಅಕ್ಷರ ಬಾರದು! ಇತ್ತ ‘ಸತ್ಕುಲದಲ್ಲಿ ಹುಟ್ಟಿದವನು’ ಎಂದಷ್ಟೇ ಅರ್ಥವಿದ್ದ ‘ಜೆಂಟಲ್’ ಎಂಬ ಪದವು ಕಾಲಕ್ರಮದಲ್ಲಿ ಸೌಜನ್ಯಕ್ಕೇ ಹೆಸರಾಯಿತು. ಇದು ಭಾಷೆಯ ಸಹಜವಾದ ಬೆಳವಣಿಗೆಯೆಂದು ಸುಮ್ಮನಿರಲು ನನಗೆ ಮನಸ್ಸಾಗದು.

1381ರಲ್ಲಿ ಆ ರೈತರು ವಾಟ್ ಟೈಲರನ ಮುಂದಾಳುತನದಲ್ಲಿ ದಂಗೆಯೆದ್ದು ಲಂಡನ್ ನಗರವನ್ನು ಹೊಕ್ಕರು. ದೊರೆ ಎರಡನೆಯ ರಿಚರ್ಡನಿಗೆ ಆಗ ನಿಮ್ಮದೇ ವಯಸ್ಸು, ಹದಿನಾಲ್ಕು. ಜೀತವನ್ನು ತೊಡೆದುಹಾಕುವುದಾಗಿ ಅವನು ಬರೆದುಕೊಟ್ಟನು. ಟೈಲರನು ಹತನಾಗಿ ದಂಗೆಯಡಗಿದ ಮೇಲೆ ಆ ಪತ್ರಗಳನ್ನು ರದ್ದುಗೊಳಿಸಿದನು. ಆ ಜೀತಪದ್ಧತಿಯು ಮುಂದೆ ಮೆಲ್ಲಮೆಲ್ಲನೆ ಕ್ಷೀಣಿಸಿ ಮಾಯವಾಯಿತು, ಬೈಗುಳವು ಉಳಿಯಿತು. ಅದು ನಾಟಕದ ದುಷ್ಟಪಾತ್ರಕ್ಕೆ ಹೆಸರಾಗಿ ನಿಂತದ್ದು ಈಚೆಗೆ, 19ನೆಯ ಶತಮಾನದಲ್ಲಿ.

ಇಂಗ್ಲಿಷರನ್ನು ದೂರುವ ಮೊದಲು ನಮ್ಮ ಮಾತುಗಳನ್ನೂ ಪರೀಕ್ಷಿಸಿಕೊಳ್ಳಬೇಕು. ‘ಗಮಾರ’ ಎಂಬುದರ ಬೇರಿನಲ್ಲಿರುವುದು ಗ್ರಾಮವೇ. ಸಂಸ್ಕೃತದ ಆಲಂಕಾರಿಕರು ‘ಗ್ರಾಮ್ಯ’ವನ್ನು ಕಾವ್ಯದೋಷಗಳಲ್ಲಿ ಎಣಿಸಿದರು, ನಗರದಲ್ಲಿರುವವನೆಂಬ ಅರ್ಥದ ‘ನಾಗರಿಕ’ನಾದರೋ ಸುಸಂಸ್ಕೃತನೆನಿಸಿದನು. ನಮ್ಮ ಗಾದೆಗಳನ್ನೂ ಬೀಸುವ ಕಲ್ಲಿನ ಪದಗಳನ್ನೂ ಕಟ್ಟಿದವರ ನುಡಿ ದೋಷವಾದೀತೆ? ಒಂದು ಸಮಾಧಾನವುಂಟು: ಹುಟ್ಟಿದೂರನ್ನು ಬಿಟ್ಟು ಒಮ್ಮೆಯೂ ಪಟ್ಟಣದ ಮುಖವನ್ನು ಕಾಣದ ಬೇಸಾಯಗಾರನೂ ಇಂದು ಸಂವಿಧಾನದ ಕನ್ನಡದಲ್ಲಿ ಭಾರತದ ‘ನಾಗರಿಕ’ನೇ.