ತನ್ನ ಹೆಸರಿಗೆ ತಾನೇ ಸುಂಕ

ಹುಬ್ಬಳ್ಳಿಯ ಕಮರಿಪೇಟೆಯ ಸಾವಜಿ ಖಾನಾವಳಿಗಳಿಗೆ ಹೆಸರು ತಂದುಕೊಟ್ಟದ್ದು ಜಾಹೀರಾತಲ್ಲ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದ ಮನೆಯಡುಗೆ ಬೀದಿಗೆ ಬಂದು ಖಾನಾವಳಿಯಾಯಿತು. ಬೆವರಿಳಿಸುವ ಖಾರದ ಮಟನ್ ಸಾರು, ಖೀಮಾ, ಬಿಸಿ ರೊಟ್ಟಿ ಉಂಡವರು ಮತ್ತೊಬ್ಬರಿಗೆ ಹೇಳಿದರು, ಅವರು ಮಗದೊಬ್ಬರನ್ನು ಕರೆತಂದರು. ಈಗ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ರೈಲು ಇಳಿದ ಪರವೂರಿನವನು ಆಟೋದವನನ್ನು ಕೇಳುವ ಮೊದಲೇ ಫೋನಿನಲ್ಲಿ 'ಸಾವಜಿ ಊಟ' ಎಂದು ಒತ್ತುತ್ತಾನೆ. ಮೇಲೆ ಬಂದ ಒಂದೆರಡು ಹೆಸರುಗಳು ದುಡ್ಡು ಕೊಟ್ಟು ಬಂದವಾಗಿರಬಹುದು, ಯಾರದೋ ಕೈಚಳಕದಿಂದ ಮೇಲೇರಿದವಾಗಿರಬಹುದು, ನಿಜಕ್ಕೂ ಅಲ್ಲೇ ಇರಬೇಕಾದವೂ ಆಗಿರಬಹುದು. ಹಸಿದವನಿಗೆ ಈ ಮೂರರ ನಡುವಿನ ವ್ಯತ್ಯಾಸ ಕಾಣುವುದು ಕಷ್ಟ.

ಆನ್‌ಲೈನ್ ಜಾಹೀರಾತು ಫಲ ಕೊಡುತ್ತದೆಯೇ ಎಂಬುದು ಲೆಕ್ಕದ ಪ್ರಶ್ನೆ, ಹುಡುಕಾಟದಲ್ಲಿ ಮೇಲೇರಲು ಏನು ಬೇಕಾದರೂ ಮಾಡಬಹುದೇ ಎಂಬುದು ನೀತಿಯ ಪ್ರಶ್ನೆ ಎಂದು ಬೇರೆ ಮಾಡಿ ನೋಡುವುದು ವಾಡಿಕೆ. ನನಗೆ ಇವೆರಡೂ ಒಂದೇ ಬೇರಿನಿಂದ ಹುಟ್ಟಿದವು ಅನಿಸುತ್ತದೆ. ಕೇಳುವವನ ಪ್ರಶ್ನೆಗೂ ಅವನಿಗೆ ಸಿಗಬೇಕಾದ ಉತ್ತರಕ್ಕೂ ನಡುವೆ ಒಬ್ಬ ಬಂದು ನಿಲ್ಲುತ್ತಾನೆ. ತಾನಿಲ್ಲದೆ ಇವರಿಬ್ಬರೂ ಸೇರುತ್ತಲೇ ಇರಲಿಲ್ಲ ಎನ್ನುತ್ತಾನೆ. ಅಂಗಡಿಯವನ ದುಡ್ಡು ಹೋಗುವುದೂ ಗಿರಾಕಿ ಮೋಸಹೋಗುವುದೂ ಆ ಮಾತನ್ನು ಪರೀಕ್ಷಿಸದೆ ನಂಬಿದಾಗಲೇ.

ಮೊದಲು ಲೆಕ್ಕವನ್ನೇ ನೋಡೋಣ. ಶ್ರಾವಣದಲ್ಲಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾಂಸ ಮುಟ್ಟುವುದಿಲ್ಲ, ಖಾನಾವಳಿಗಳ ಗಲ್ಲಾ ಸೊರಗುತ್ತದೆ. ಚಿಂತೆಗೆ ಬಿದ್ದ ಮಾಲಕ ಶ್ರಾವಣದ ಕೊನೆಯ ವಾರ ಏಜೆನ್ಸಿಯೊಂದಕ್ಕೆ ದುಡ್ಡು ಕೊಟ್ಟು ಜಾಹೀರಾತು ಶುರುಮಾಡಿಸಿದ ಅಂತಿಟ್ಟುಕೊಳ್ಳಿ. ಶ್ರಾವಣ ಕಳೆದ ಕೆಲವೇ ದಿನಗಳಲ್ಲಿ ವ್ಯಾಪಾರ ಮತ್ತೆ ಕುದುರುತ್ತದೆ. ಏಜೆನ್ಸಿಯವರು ಬಣ್ಣಬಣ್ಣದ ವರದಿ ಕಳಿಸುತ್ತಾರೆ: ಇಷ್ಟು ಸಾವಿರ ಜನರಿಗೆ ಕಂಡಿದೆ, ಇಷ್ಟು ಜನ ಒತ್ತಿದ್ದಾರೆ, ಇಷ್ಟು ಜನ ದಾರಿ ಕೇಳಿದ್ದಾರೆ. ಅದರಲ್ಲಿ ಒಂದಂಕಿಯೂ ಸುಳ್ಳಿರಲಿಕ್ಕಿಲ್ಲ. ಆದರೆ ಒತ್ತಿದವರಲ್ಲಿ ಎಷ್ಟು ಮಂದಿ ಜಾಹೀರಾತು ಇಲ್ಲದಿದ್ದರೂ ಬರುತ್ತಿದ್ದರು ಎಂಬ ಅಂಕಿ ಮಾತ್ರ ಅದರಲ್ಲಿ ಇಲ್ಲ. ಮಾಲಕನಿಗೆ ಬೇಕಾದದ್ದು ಅದೊಂದೇ. ತಿಂಗಳಿಡೀ ಬಾಯಿ ಕಟ್ಟಿದ್ದ ಊರನ್ನು ಖಾನಾವಳಿಗೆ ಕಳಿಸಿದ್ದು ಪಂಚಾಂಗ, ಬಿಲ್ಲು ಬಂದದ್ದು ಜಾಹೀರಾತಿನ ಹೆಸರಲ್ಲಿ.

ದೊಡ್ಡ ಕಂಪನಿಗಳೂ ಇದೇ ಲೆಕ್ಕದಲ್ಲಿ ಎಡವಿವೆ. ಇಬೇ ಎಂಬ ಅಮೆರಿಕದ ಆನ್‌ಲೈನ್ ಮಾರುಕಟ್ಟೆ ತನ್ನ ಹೆಸರನ್ನೇ ಟೈಪ್ ಮಾಡಿ ಹುಡುಕುವವರಿಗೂ ಜಾಹೀರಾತು ತೋರಿಸಲು ದುಡ್ಡು ಸುರಿಯುತ್ತಿತ್ತು. 2012ರಲ್ಲಿ ಕೆಲವು ಹುಡುಕಾಟದ ತಾಣಗಳಲ್ಲಿ ಅದನ್ನು ನಿಲ್ಲಿಸಿ ನೋಡಿದರು. ಥಾಮಸ್ ಬ್ಲೇಕ್, ಕ್ರಿಸ್ ನೋಸ್ಕೊ, ಸ್ಟೀವನ್ ಟಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಹೀಗೆ ಕೈಬಿಟ್ಟ ಕ್ಲಿಕ್ಕುಗಳಲ್ಲಿ ಶೇ. 99.5ರಷ್ಟು ಜಾಹೀರಾತಿನ ಕೆಳಗಿದ್ದ ಪುಕ್ಕಟೆ ಫಲಿತಾಂಶದ ಮೂಲಕವೇ ಬಂದವು. ಇಬೇಗೆ ಬರಬೇಕೆಂದೇ ಹೊರಟವರು ಇಬೇಗೆ ಬಂದರು; ನಡುವೆ ಇಬೇ ತನ್ನ ಹೆಸರಿಗೆ ತಾನೇ ಸುಂಕ ಕಟ್ಟುತ್ತಿತ್ತು.

ಅದೇ ಪ್ರಬಂಧ ಮತ್ತೊಂದು ಮಾತನ್ನೂ ತೋರಿಸಿತು. ಅದನ್ನು ಮರೆತು ಜಾಹೀರಾತೆಲ್ಲ ದಂಡ ಎಂದುಬಿಟ್ಟರೆ ಅನ್ಯಾಯವಾಗುತ್ತದೆ. ಇಬೇಯನ್ನು ಅರಿಯದವರ ಮೇಲೆ, ಅಪರೂಪಕ್ಕೆ ಕೊಳ್ಳುವವರ ಮೇಲೆ ಜಾಹೀರಾತಿನ ಪರಿಣಾಮ ಇತ್ತು. ಹೆಚ್ಚಿನ ದುಡ್ಡು ಹೋಗುತ್ತಿದ್ದದ್ದು ಮಾತ್ರ ಹಳೆಯ ಗಿರಾಕಿಗಳ ಕ್ಲಿಕ್ಕಿಗೆ. ಕಮರಿಪೇಟೆಯಲ್ಲಿ ಎಲ್ಲರಿಗೂ ಗೊತ್ತಿರುವ ಖಾನಾವಳಿ ತನ್ನ ಹೆಸರಿನ ಮೇಲೆ ಜಾಹೀರಾತು ಹಾಕಿದರೆ ಕೈಸುಟ್ಟುಕೊಳ್ಳುತ್ತದೆ. ಅಲ್ಲೇ ಪಕ್ಕದ ಓಣಿಯಲ್ಲಿ ಹೊಸದಾಗಿ ಜೋಳದ ರೊಟ್ಟಿ ಬಡಿದು ಮಾರಲು ಶುರುಮಾಡಿದ ಹೆಣ್ಣುಮಗಳು ಅಷ್ಟೇ ದುಡ್ಡನ್ನು ಹಾಕಿದರೆ ಅವಳಿಗೆ ಗಿರಾಕಿ ಸಿಕ್ಕಾನು. ಸಿಕ್ಕನೋ ಇಲ್ಲವೋ ತಿಳಿಯಲು ಅವಳಿಗೆ ಅರ್ಥಶಾಸ್ತ್ರಜ್ಞರೂ ಬೇಕಿಲ್ಲ. ಒಂದು ವಾರ ಜಾಹೀರಾತು ಹಚ್ಚಿ, ಮುಂದಿನ ವಾರ ಬಂದ್ ಮಾಡಿ, ಹಬ್ಬ ಅಮಾವಾಸ್ಯೆಗಳನ್ನು ಬಿಟ್ಟು, ಕೆಲವು ಸಲ ಹೀಗೇ ಮಾಡಿ ಗಲ್ಲಾ ಲೆಕ್ಕ ಬರೆದಿಟ್ಟರೆ ಸಾಕು. ಈ ಪರೀಕ್ಷೆಯನ್ನು ತಾವಾಗಿ ಮಾಡಿಸುವ ಏಜೆನ್ಸಿಗಳು ಕಡಿಮೆ. ಬಂದ್ ಮಾಡಿದ ವಾರವೂ ವ್ಯಾಪಾರ ಅಷ್ಟೇ ಆದರೆ ಅವರ ಕೆಲಸವೇ ಹೋಗುತ್ತದಲ್ಲ.

ಇನ್ನು ಎಸ್‌ಇಒ, ಅಂದರೆ ಹುಡುಕಾಟದ ಫಲಿತಾಂಶದಲ್ಲಿ ಮೇಲೇರಿಸುವ ಕೆಲಸ. ಈ ಕೆಲಸವನ್ನೇ ಮೋಸವೆಂದು ನಾನು ಹೇಳಲಾರೆ. ನಮ್ಮ ಊರಿನ ಹೆಸರು 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಹುಬ್ಬಳ್ಳಿಯಾಗಿದೆ, ಆದರೂ ಬಹಳ ಜನ ಹಳೆಯ 'ಹುಬ್ಳಿ' ಎಂದೇ ಹುಡುಕುತ್ತಾರೆ. ಇಂಥ ರೂಪಗಳೆಲ್ಲ ಒಂದೇ ಜಾಗಕ್ಕೆ ಕರೆತರುವಂತೆ ಮಾಡುವುದು, ನಕಾಶೆಯಲ್ಲಿ ಪಿನ್ನು ಸರಿಯಾದ ಓಣಿಗೆ ಕೂರುವಂತೆ ನೋಡಿಕೊಳ್ಳುವುದು, ಮಧ್ಯಾಹ್ನ ಎಷ್ಟಕ್ಕೆ ಬಾಗಿಲು ಹಾಕುತ್ತಾರೆ, ಶ್ರಾವಣದಲ್ಲಿ ತೆರೆದಿರುತ್ತದೆಯೇ ಎಂದು ಕನ್ನಡದಲ್ಲಿ ಬರೆಯುವುದು, ಅಂಗಡಿಯದೇ ಫೋಟೊ ಹಾಕುವುದು: ಇದೆಲ್ಲ ಗಿರಾಕಿಗೂ ಉಪಕಾರವೇ. ಹತ್ತಿರದ ಅಂಗಡಿಗಳನ್ನು ತೋರಿಸುವಾಗ ಗೂಗಲ್ ನೋಡುವ ಮುಖ್ಯ ಸಂಗತಿಗಳು ಮೂರು ಎಂದು ಕಂಪನಿಯೇ ಹೇಳಿದೆ: ಕೇಳಿದ್ದಕ್ಕೆ ಅಂಗಡಿ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿ. ಹೊಂದಿಕೆಯನ್ನು ಸ್ಪಷ್ಟವಾಗಿ ಬರೆದು ತಿಳಿಸಬಹುದು. ದೂರವನ್ನು ಬದಲಿಸಲಾಗದು. ಮೋಸಕ್ಕೆ ದಾರಿ ತೆರೆಯುವುದು ಮೂರನೆಯದು.

ಹೆಸರುವಾಸಿ ಎಂಬುದನ್ನು ಯಂತ್ರ ಎರಡು ಸಾಕ್ಷಿಗಳಿಂದ ಊಹಿಸುತ್ತದೆ: ಬೇರೆಯವರು ಕೊಡುವ ಲಿಂಕು, ಉಂಡವರು ಬರೆಯುವ ಅಭಿಪ್ರಾಯ. ಎರಡೂ ಈಗ ದುಡ್ಡಿಗೆ ಸಿಗುತ್ತವೆ. ಜೆ.ಸಿ. ಪೆನ್ನಿ ಎಂಬ ಅಮೆರಿಕದ ದೊಡ್ಡ ಅಂಗಡಿಸಾಲಿಗಾಗಿ ಸಂಬಂಧವೇ ಇಲ್ಲದ ತಾಣಗಳಲ್ಲಿ ಸಾವಿರಾರು ಲಿಂಕುಗಳನ್ನು ಹಾಕಿಸಿದ್ದು 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಿಂದ ಬಯಲಾಯಿತು, ಗೂಗಲ್ ಆ ಅಂಗಡಿಸಾಲನ್ನು ಫಲಿತಾಂಶಗಳಲ್ಲಿ ಕೆಳಕ್ಕೆ ತಳ್ಳಿತು. ಕೊಂಡ ಲಿಂಕು ಯಂತ್ರಕ್ಕೆ ಹೇಳಿದ ಸುಳ್ಳು. ಕೊಂಡ ಅಭಿಪ್ರಾಯ ಅದಕ್ಕಿಂತ ಕೆಟ್ಟದ್ದು ಎಂಬುದು ನನ್ನ ನಿಲುವು. 'ನಾವೂ ಉಂಡಿವ್ರಿ, ಛಲೋ ಐತಿ' ಎಂದು ನಿಮ್ಮಂಥವನೇ ಒಬ್ಬ ಹೇಳುವ ಮಾತನ್ನು ಅಲ್ಲಿ ಉಣ್ಣದವನ ಬಾಯಲ್ಲಿ ಹೇಳಿಸುವುದದು. ಯಾವ ವಿಶ್ವಾಸದಿಂದ ಕಮರಿಪೇಟೆಯ ಊಟಕ್ಕೆ ಹೆಸರು ಬಂತೋ ಅದೇ ವಿಶ್ವಾಸವನ್ನು ಹೀಗೆ ಕದಿಯುತ್ತಾರೆ. ಆನ್‌ಲೈನ್ ಅಭಿಪ್ರಾಯಗಳಿಗಾಗಿ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ಪಾಲಿಸುವುದು ಸ್ವಇಚ್ಛೆಗೆ ಬಿಟ್ಟದ್ದಾದ್ದರಿಂದ ಅದರ ಬಿಸಿ ಯಾರಿಗೂ ಅಷ್ಟಾಗಿ ತಟ್ಟಿಲ್ಲ.

'ಎಲ್ಲರೂ ಮಾಡ್ತಾರ, ನಾವೊಬ್ಬರು ಬಿಟ್ರ ಕಾಣೋದೇ ಇಲ್ಲ' ಎಂಬ ಮಾತು ಕೇಳಿಬರುತ್ತದೆ. ಇದನ್ನು ಹಗುರಾಗಿ ತಳ್ಳಿಹಾಕಲಾರೆ, ಸಣ್ಣ ವ್ಯಾಪಾರಿಗೆ ಕಾಣದೇ ಹೋಗುವುದೆಂದರೆ ಹೊಟ್ಟೆಪಾಡಿನ ಪ್ರಶ್ನೆ. ಅವನ ಈ ಭಯವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಅಡುಗೆಮನೆಯಲ್ಲಿ ಒಲೆ ಹತ್ತಿರುವ ಹೊತ್ತಿಗೇ ಕರೆ ಬರುತ್ತದೆ: 'ಸರ್, ನಾವು ಗೂಗಲ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ಲಿಸ್ಟಿಂಗ್ ಇವತ್ತೇ ಬಂದ್ ಆಗುತ್ತೆ, ಹಣ ಕಟ್ಟಿದ್ರೆ ಮೊದಲನೇ ಪೇಜಿಗೆ ತರ್ತೀವಿ.' 'ತಮ್ಮಾ, ಕೈಯಾಗ ಕೆಲಸ ಐತಿ, ಆಮ್ಯಾಲೆ ಮಾಡು' ಎಂದು ಫೋನಿಟ್ಟವರು ಬಚಾವು. ನಕಾಶೆಯಲ್ಲಿ ಅಂಗಡಿಯ ಹೆಸರು ಸೇರಿಸಲು ಗೂಗಲ್ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ, ಮೊದಲ ಪುಟದ ಭರವಸೆಯನ್ನು ಯಾರೂ ಕೊಡಲಾರರು. ಇದು ಗೊತ್ತಿಲ್ಲದೆ ದುಡ್ಡು ಕಳಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹುಡುಕಾಟದಲ್ಲಿ ಮೇಲೇರುವ ಈ ಆಟ ವ್ಯಾಪಾರಕ್ಕಷ್ಟೇ ಸಂಬಂಧಿಸಿದ್ದೂ ಅಲ್ಲ. 2021ರ ಜೂನ್ ಮೊದಲ ವಾರ, ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಹುಡುಕಿದವರಿಗೆ ಗೂಗಲ್ ಎಲ್ಲಕ್ಕಿಂತ ಮೇಲಿನ ಚೌಕದಲ್ಲಿ ಕನ್ನಡದ ಹೆಸರು ತೋರಿಸಿತು. ಕನ್ನಡಿಗರು ಕೆರಳಿದರು, ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ನೋಟಿಸಿನ ಮಾತಾಡಿದರು, ಕಂಪನಿ ಉತ್ತರವನ್ನು ತೆಗೆದು ಕ್ಷಮೆ ಕೇಳಿತು. ಆ ವಾಕ್ಯ ಬಂದದ್ದು ಸಾಲದ ವಿಷಯದ ಹೆಸರಿಟ್ಟುಕೊಂಡ ಯಾವುದೋ ಇಂಗ್ಲಿಷ್ ತಾಣದಿಂದ. ಸಾಲದ ತಾಣಕ್ಕೆ ಭಾಷೆಯ ಗೊಡವೆ ಏಕೆ? ಜನ ಏನೇನು ಹುಡುಕಬಹುದೋ ಅದಕ್ಕೆಲ್ಲ ಒಂದೊಂದು ಪುಟ ಬರೆದಿಟ್ಟು ಬಂದವರಿಗೆ ಜಾಹೀರಾತು ತೋರಿಸುವ ದಂಧೆಯೇ ಇದೆ, ಅಲ್ಲಿ ಬರೆಯುವವನಿಗೆ ವಿಷಯ ಗೊತ್ತಿರಬೇಕಿಲ್ಲ. ಎರಡು ಸಾವಿರ ವರ್ಷಗಳ ಭಾಷೆಯೊಂದಕ್ಕೆ ಕೋಟ್ಯಂತರ ಜನ ದನಿಯೆತ್ತಿದ್ದರಿಂದ ನ್ಯಾಯ ಸಿಕ್ಕಿತು. ಒಂದು ಓಣಿಯ ಖಾನಾವಳಿಯ ಬಗ್ಗೆ ಇಂಥದೇ ಸುಳ್ಳು ಮೇಲೆ ಬಂದು ಕೂತರೆ ದನಿಯೆತ್ತುವವರು ಯಾರು?

ಹಾಗಾಗಿ ಹೆಚ್ಚಿನ ಹೊಣೆಯನ್ನು ನಾನು ವ್ಯಾಪಾರಿಯ ಮೇಲೆ ಹೊರಿಸಲಾರೆ. ಅದು ಹುಡುಕಾಟದ ಪುಟದಲ್ಲಿ ಜಾಹೀರಾತಿನ ಜಾಗ ಹರಾಜು ಹಾಕುವವನದು. ಗೂಗಲ್ ಕಟ್ಟಿದ ಸೆರ್ಗೈ ಬ್ರಿನ್ ಮತ್ತು ಲ್ಯಾರಿ ಪೇಜ್ ಅವರೇ 1998ರ ತಮ್ಮ ಪ್ರಬಂಧದಲ್ಲಿ, ಜಾಹೀರಾತಿನ ದುಡ್ಡಿನಿಂದ ನಡೆಯುವ ಹುಡುಕಾಟದ ಯಂತ್ರ ಸಹಜವಾಗಿ ಜಾಹೀರಾತುದಾರರ ಕಡೆ ವಾಲುತ್ತದೆ, ಹುಡುಕುವವರ ಅಗತ್ಯದಿಂದ ದೂರ ಸರಿಯುತ್ತದೆ ಎಂದು ಎಚ್ಚರಿಸಿದ್ದರು. 2000ದಲ್ಲಿ ಅವರೇ ಆ ವ್ಯಾಪಾರಕ್ಕೆ ಇಳಿದರು. 2018ರ ಫೆಬ್ರವರಿಯಲ್ಲಿ ಭಾರತದ ಸ್ಪರ್ಧಾ ಆಯೋಗ ಹುಡುಕಾಟದಲ್ಲಿ ಪಕ್ಷಪಾತ ತೋರಿದ್ದಕ್ಕೆ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತು.

ಒಬ್ಬರ ಹೆಸರನ್ನು ಮತ್ತೊಬ್ಬರು ಹರಾಜಿನಲ್ಲಿ ಕೊಂಡು, ಆ ಹೆಸರು ಹುಡುಕಿದವನಿಗೆ ತಮ್ಮ ಜಾಹೀರಾತು ತೋರಿಸುವ ಪದ್ಧತಿ ಅಗರ್‌ವಾಲ್ ಪ್ಯಾಕರ್ಸ್ ಆ್ಯಂಡ್ ಮೂವರ್ಸ್ ಹೆಸರಿನ ಪ್ರಕರಣದಲ್ಲಿ ಕೋರ್ಟಿನವರೆಗೆ ಹೋಯಿತು. ಹಾಗೆ ಕೊಳ್ಳುವುದೇ ತಪ್ಪಾಗದು, ಗಿರಾಕಿ ಗೊಂದಲಕ್ಕೆ ಬಿದ್ದರೆ ತಪ್ಪು, ಈ ಹರಾಜಿನಲ್ಲಿ ಗೂಗಲ್ ಸುಮ್ಮನೆ ನೋಡುತ್ತ ನಿಂತ ಮಧ್ಯವರ್ತಿಯೂ ಅಲ್ಲ ಎಂದು ದೆಹಲಿ ಹೈಕೋರ್ಟು 2023ರ ಆಗಸ್ಟ್‌ನಲ್ಲಿ ಹೇಳಿತು. ಅದು ನೋಂದಾಯಿತ ಟ್ರೇಡ್‌ಮಾರ್ಕಿನ ಮಾತು. ಧಾರವಾಡ ಪೇಡೆಗೆ ಭೌಗೋಳಿಕ ಸೂಚಿಕೆಯ ಬಲವಾದರೂ ಇದೆ. ಓಣಿಯ ಸಣ್ಣ ಖಾನಾವಳಿಯವರಲ್ಲಿ ಟ್ರೇಡ್‌ಮಾರ್ಕಿನ ಕಾಗದ ಹಿಡಿದು ದೆಹಲಿಗೆ ಹೋಗುವಷ್ಟು ಅನುಕೂಲ ಎಷ್ಟು ಜನಕ್ಕಿದೆ? ಅಂಥವರ ಹೆಸರನ್ನು ಉಳಿಸಲು ಹೊಸ ಕಾನೂನಿಗೂ ಕಾಯಬೇಕಿಲ್ಲ. ಅಂಗಡಿ ನಿಜವಾಗಿ ಆ ವಿಳಾಸದಲ್ಲೇ ಇದೆಯೆಂದು ಫೋನು ಮಾಡಿಯೋ ವಿಡಿಯೊ ತರಿಸಿಕೊಂಡೋ ಗೂಗಲ್ ತಾನೇ ಖಚಿತಪಡಿಸಿಕೊಳ್ಳುತ್ತದೆ. ಯಾರಾದರೂ ಆ ಅಂಗಡಿಯ ಹೆಸರನ್ನೇ ಟೈಪ್ ಮಾಡಿ ಹುಡುಕಿದಾಗ, ಹೀಗೆ ಖಚಿತಪಡಿಸಿಕೊಂಡ ಅಂಗಡಿಯ ಮೇಲೆ ಬೇರೆ ಯಾರ ಜಾಹೀರಾತನ್ನೂ ಕೂರಿಸದಿರಲು ಅದಕ್ಕೆ ಬೇಕಾದ ಮಾಹಿತಿಯೆಲ್ಲ ಅದರ ಕೈಯಲ್ಲೇ ಇದೆ.