ಘಾಟಿಯ ತಿರುವು ಮತ್ತು ಸವಾರನ ವೇಗ

ಮಳೆಗಾಲ ಬಂತೆಂದರೆ ಆಗುಂಬೆಯ ಘಾಟಿಯನ್ನು ಕಾಣಲು ತರುಣರು ಮೋಟಾರು ಸೈಕಲ್ಲುಗಳನ್ನೇರಿ ಹಿಂಡುಹಿಂಡಾಗಿ ಹೊರಡುತ್ತಾರೆ. ನಾಡಿನ ಚೆಲುವನ್ನು ಕಣ್ಣಾರೆ ಕಾಣಬೇಕೆಂಬ ಅವರ ಉತ್ಸಾಹವು ಸ್ತುತ್ಯವಾದುದೇ. ಆದರೆ ತಿರುವಿನಲ್ಲಿ ವೇಗ ತೋರುವುದೇ ಪೌರುಷವೆಂಬ ಭಾವನೆಯನ್ನು ನಾವು ಒಪ್ಪಲಾರೆವು. ಅಲ್ಲಿ ತೀರ್ಪು ಕೊಡುವುದು ಸವಾರನ ಧೈರ್ಯವಲ್ಲ. ಟಯರಿಗೂ ನೆಲಕ್ಕೂ ಇರುವ ಹಿಡಿತ.

ಲೆಕ್ಕವು ಸರಳವಾಗಿದೆ. ವೇಗವು ಇಮ್ಮಡಿಯಾದರೆ ತಿರುವಿನಲ್ಲಿ ಬೇಕಾಗುವ ಹಿಡಿತವು ನಾಲ್ಮಡಿಯಾಗುತ್ತದೆ. ಗುಡ್ಡಗಾಡಿನ ಹೇರ್‌ಪಿನ್ ತಿರುವುಗಳನ್ನು ಗಂಟೆಗೆ ೨೦ ಕಿಲೋಮೀಟರು ವೇಗಕ್ಕೆ ಕಡಮೆಯಾಗದಂತೆ ರಚಿಸಬೇಕೆಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮ. ೧೫ ಮೀಟರು ತ್ರಿಜ್ಯದ ತಿರುವಿನಲ್ಲಿ ಈ ವೇಗಕ್ಕೆ ಒಟ್ಟು ತೂಕದ ಐದನೆಯ ಒಂದು ಪಾಲಿನಷ್ಟು ಹಿಡಿತ ಸಾಕು. ಅದೇ ತಿರುವಿಗೆ ೪೦ರ ವೇಗದಲ್ಲಿ ನುಗ್ಗಿದರೆ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕು ಬೇಕು. ರಸ್ತೆಗೆ ಕೊಟ್ಟಿರುವ ಓರೆಯು ಇದರಲ್ಲಿ ಅಲ್ಪಭಾಗವನ್ನು ಮಾತ್ರ ವಹಿಸಬಲ್ಲುದು. ಮಳೆಯಲ್ಲಿ ನೆನೆದು ಕೆಸರು ಕೂತ ನೆಲವು ಉಳಿದುದನ್ನು ಕೊಡಲಾರದು. ತಿರುವಿನ ನಡುವೆ ಗಾಬರಿಯಿಂದ ಬ್ರೇಕು ಅದುಮಿದರಂತೂ, ತಿರುಗಲು ಬೇಕಾದ ಹಿಡಿತವನ್ನು ಬ್ರೇಕೇ ಕಸಿದುಕೊಳ್ಳುತ್ತದೆ. ಆದುದರಿಂದ ತಿರುವಿಗೆ ಮೊದಲೇ, ನೇರವಾದ ಹಾದಿಯಲ್ಲಿಯೇ, ವೇಗವನ್ನಿಳಿಸತಕ್ಕದ್ದು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವೇ ಯುಕ್ತವಾದ ವೇಗ.

ಇಷ್ಟು ಹೇಳಿ ಸಕಲ ದೋಷವನ್ನೂ ಸವಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮುಂದಾಗಿ ವೇಗವನ್ನು ನಿಶ್ಚಯಿಸಬೇಕಾದರೆ ಮುಂದಿರುವುದೇನೆಂದು ಅವನಿಗೆ ತಿಳಿಯಬೇಡವೆ? ಎಚ್ಚರಿಕೆಯ ಫಲಕವನ್ನು ಬಳ್ಳಿ ಮುಚ್ಚಿದ್ದು, ತಿರುವಿನಾಚೆ ಗುಡ್ಡದಿಂದ ಜಾರಿದ ಜಲ್ಲಿಯು ದಿನಗಟ್ಟಲೆ ಬಿದ್ದಿದ್ದರೆ, ವಿವೇಕಿಯಾದ ಸವಾರನೂ ಮೋಸಹೋಗುವನು. ರಸ್ತೆಯ ರಚನೆ, ರಕ್ಷಣೆಗಳಲ್ಲಿ ವಿಧಿಸಿದ ಮಟ್ಟವನ್ನು ಪಾಲಿಸದುದರಿಂದ ಮರಣವಾಗಲಿ ಅಂಗವೈಕಲ್ಯವಾಗಲಿ ಸಂಭವಿಸಿದಲ್ಲಿ, ಹೊಣೆಯಾದ ಅಧಿಕಾರಿವರ್ಗಕ್ಕೂ ಗುತ್ತಿಗೆದಾರರಿಗೂ ೧ ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದೆಂದು ಮೋಟಾರು ವಾಹನಗಳ ಕಾಯಿದೆಗೆ ೨೦೧೯ರಲ್ಲಿ ಸೇರಿಸಲಾದ ೧೯೮-ಎ ಕಲಮು ಹೇಳುತ್ತದೆ. ಈ ಕಲಮು ಪುಸ್ತಕದಲ್ಲಿ ಮಲಗಿದ್ದರೆ ಪ್ರಯೋಜನವಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಸಂಬಂಧಪಟ್ಟ ಇಂಜಿನಿಯರರು ಘಾಟಿಯ ಒಂದೊಂದು ತಿರುವನ್ನೂ ಖುದ್ದಾಗಿ ನೋಡಿ, ಜಲ್ಲಿ ತೆಗೆಯಿಸಿ, ಫಲಕಗಳನ್ನೂ ತಡೆಗೋಡೆಗಳನ್ನೂ ಸರಿಪಡಿಸಿ, ಪರೀಕ್ಷೆಯ ವರದಿಯನ್ನು ಪ್ರಕಟಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.

ಸವಾರನು ವೇಗವನ್ನು ಬಿಡಲಿ. ಸರಕಾರದವರು ಅಲಕ್ಷ್ಯವನ್ನು ಬಿಡಲಿ. ಘಟ್ಟವನ್ನು ನೋಡಲು ಹೋದ ಮಗನು ಸುಖವಾಗಿ ಮನೆಗೆ ಬಂದು ತಾಯಿಗೆ ಅದರ ಸೊಬಗನ್ನು ಹೇಳುವಂತಾಗಲಿ.